ಛತ್ರಿ ತುದಿಯ ಮನೆ

ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು, ‘ಊರಿಗೆ ಹೋಗಿ ಕಾಗದ ಬರೀತೀವಿ’ ಎಂದು ಜಾರಿಕೊಳ್ಳಬಹುದು. ಬಾಡಿಗೆ ಮನೆ ನೋಡುವುದೂ ಹಾಗೆಯೇ ಎಂದು ನಾನು ನಂಬಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸುವವನ ತಲೆಯಲ್ಲಿ ಇದಕ್ಕಿಂತ ಹೆಚ್ಚು ವ್ಯವಹಾರಜ್ಞಾನ ಹಿಡಿಸುವುದಿಲ್ಲ.

ಆ ವರ್ಷ ನನಗೆ ಕಡೂರಿನಿಂದ ತರೀಕೆರೆಗೆ ವರ್ಗವಾಗಿತ್ತು. ಹೆಂಡತಿ ಸಾವಿತ್ರಿ ಅಜ್ಜಂಪುರದ ತವರಿನಲ್ಲಿ ಗಂಟುಮೂಟೆ ಕಟ್ಟಿ ಕೂತಿದ್ದಳು. ‘ಸ್ಕೂಲು ಶುರುವಾಗೋದ್ರೊಳಗೆ ಮನೆ ಸಿಗ್ಲಿಲ್ಲಾಂದ್ರೆ ನಾನಿಲ್ಲೇ ಇರ್ತೀನಿ. ನೀವು ಹೋಟ್ಲಲ್ಲಿ ಉಣ್ಕೊಳ್ರಿ’ ಎಂದಿದ್ದಳು. ಹೋಟೆಲ್ ಸಾರಿನ ಭಯಕ್ಕೆ ಮನೆ ದಲ್ಲಾಳಿ ರುದ್ರಪ್ಪನನ್ನು ಹಿಡಿದೆ. ಆತ ಮನೆ ತೋರಿಸುವ ಮೊದಲು ಒಂದು ಕಾಗದ ತೋರಿಸಿದ. ‘ಏನಿಲ್ಲ ಮೇಷ್ಟ್ರೇ, ಒಂದು ಕರಾರು ಅಷ್ಟೇಯ. ಇಲ್ಲೊಂದು ಸೈನ್ ಹಾಕ್ಬಿಡಿ.’ ಮಕ್ಕಳ ಕಾಪಿ ಪುಸ್ತಕಕ್ಕೆ ಹಾಕುವಷ್ಟೇ ಸಲೀಸಾಗಿ, ಓದದೆ ಸಹಿ ಹಾಕಿದೆ.

ಆಮೇಲೆ ಊರೆಲ್ಲ ಸುತ್ತಿದೆವು. ಆತ ಒಳಗೆ ಕರೆದೊಯ್ದ ಒಂದು ಮನೆಯಲ್ಲಿ ಬಚ್ಚಲಿಗೆ ಬಾಗಿಲಿರಲಿಲ್ಲ, ಇನ್ನೊಂದರ ಹಿತ್ತಲ ತುಂಬ ಮಾಲೀಕರ ಎಮ್ಮೆಗಳು. ದಾರಿಯುದ್ದಕ್ಕೂ ರುದ್ರಪ್ಪ ಛತ್ರಿ ಎತ್ತಿ, ‘ಅಗೋ ನೋಡಿ, ಅದು ಒಳ್ಳೇ ಮನೆ. ಇದೂ ಒಳ್ಳೇದೇ’ ಎನ್ನುತ್ತಿದ್ದ. ಊರಿನ ಮೇಲೆ ಎಂಥ ಅಭಿಮಾನ ಎಂದುಕೊಂಡೆ.

ಕೊನೆಗೆ ಮನೆ ಸಿಕ್ಕಿದ್ದು ಸಾವಿತ್ರಿಯ ಸೋದರತ್ತೆಯಿಂದ. ಅವರ ತರೀಕೆರೆ ಮನೆ ಖಾಲಿಯಾಗಿತ್ತು. ಹಾಲು ಉಕ್ಕಿಸಿದ ದಿನವೇ ರುದ್ರಪ್ಪ ಬಂದ, ಪಾಯಸ ಕುಡಿದ, ಕರಾರು ಬಿಚ್ಚಿ ಓದಿದ: ‘ದಲ್ಲಾಳಿ ತೋರಿಸಿದ ಯಾವುದೇ ಮನೆಯನ್ನು ಸಹಿ ಮಾಡಿದವರು ಬಾಡಿಗೆಗೆ ಹಿಡಿದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಆಗಿ ಕೊಡತಕ್ಕದ್ದು.’ ಓದಿ ಮುಗಿಸಿ, ‘ಈ ಮನೆ ತೋರ್ಸಿದ್ನೋ ಇಲ್ವೋ, ಹೇಳಿ?’ ಎಂದ.

‘ನೀನು ತೋರ್ಸಿದ್ದು ಛತ್ರಿ ಕಣಯ್ಯಾ!’

‘ಛತ್ರಿ ಯಾವ ಕಡೆಗಿತ್ತು ಮೇಷ್ಟ್ರೇ?’

ವ್ಯಾಕರಣದ ಪ್ರಕಾರ ಆತನದೇ ಸರಿ. ‘ತೋರಿಸು’ ಎಂಬ ಕ್ರಿಯಾಪದಕ್ಕೆ ಬಾಗಿಲು ತೆಗೆಸಲೇಬೇಕೆಂಬ ನಿಯಮವಿಲ್ಲ. ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಸಾವಿತ್ರಿ ಆ ಕಾಗದ ಇಸಿದುಕೊಂಡು ಓದಿದಳು.

‘ರುದ್ರಣ್ಣಾ, ಸಹಿ ಮಾಡಿದವರು ಹಿಡಿದ್ರೆ ತಾನೆ ಕಮಿಷನ್ನು? ಅತ್ತೆ ಮನೆ ಕೊಟ್ಟಿರೋದು ನನಗೆ, ಬಾಡಿಗೆ ಪತ್ರ ನನ್ನ ಹೆಸರಲ್ಲಿದೆ. ಇನ್ನೊಂದ್ ಲೋಟ ಪಾಯಸ ಕೊಡ್ಲಾ?’

ರುದ್ರಪ್ಪ ನಕ್ಕುಬಿಟ್ಟ. ‘ಅಮ್ಮಾವ್ರು ಜೊತೇಲಿ ಬಂದಿದ್ರೆ ನಾನು ಛತ್ರೀನೇ ತರ್ತಿರ್ಲಿಲ್ಲ’ ಎಂದು ಪಾಯಸ ಮುಗಿಸಿ ಹೊರಟ.

ಹೆಂಡತಿಯ ಬಗ್ಗೆ ನನಗೆ ಹೇಳತೀರದಷ್ಟು ಹೆಮ್ಮೆಯಾಯಿತು. ಸಂಜೆ ಅದೇ ಹುರುಪಿನಲ್ಲಿ ಕ್ಯಾಲೆಂಡರ್ ತೂಗುಹಾಕಲು ಗೋಡೆಗೆ ಮೊಳೆ ಇಟ್ಟೆ. ಒಳಗಿಂದ ಸಾವಿತ್ರಿಯ ದನಿ ಬಂತು: ‘ರೀ, ಮೊಳೆ ಹೊಡೆಯೋ ಮುಂಚೆ ಬಾಡಿಗೆದಾರರನ್ನ ಒಂದ್ಮಾತು ಕೇಳ್ಬೇಕು ಕಣ್ರೀ.’

ಸುತ್ತಿಗೆ ಕೆಳಗಿಟ್ಟು ವಿನಯದಿಂದಲೇ ಕೇಳಿದೆ.

‘ಯೋಚ್ನೆ ಮಾಡಿ ಕಾಗದ ಬರೀತೀನಿ’ ಎಂದಳು.