ಹೊರಗೆ ಕಂದು, ಒಳಗೆ ಹಳದಿ

ನನ್ನ ಸಿಟ್ಟು ಹೆಂಡತಿಯ ಮೇಲಲ್ಲ, ಬಣ್ಣದಂಗಡಿಯವನ ಮೇಲೂ ಅಲ್ಲ. ಕಿಟಕಿಯ ಕೀಲಿನ ಮೇಲೆ. ಕಿಟಕಿ ಬಾಗಿಲುಗಳಿಗೆ ಕೀಲು ಹಾಕಿ ತಿರುಗಿಸುವ ಯೋಚನೆ ಯಾವ ಪುಣ್ಯಾತ್ಮನಿಗೆ ಮೊದಲು ಹೊಳೆಯಿತೋ, ಅವನು ಇವತ್ತು ಎದುರಿಗೆ ಸಿಕ್ಕರೂ ಬಸ್ಸು ನಿಲ್ಲಿಸಿ, ಇಳಿದು, ನಾಲ್ಕು ಮಾತು ಕೇಳಿಯೇ ಹೋಗುತ್ತೇನೆ. (ನಾನು ಬಸ್ ಡ್ರೈವರು. ನಾಲ್ಕನೇ ಕ್ಲಾಸಿಗೇ ಶಾಲೆಯ ಋಣ ತೀರಿತು. ಸಿಟ್ಟಿನಲ್ಲಿ ಮಾತ್ರ ಡಬಲ್ ಡಿಗ್ರಿ.)

ನಮ್ಮ ಮನೆಯ ಮುಂಬಾಗಿಲು ಮತ್ತು ಬೀದಿ ಕಡೆಯ ಕಿಟಕಿಗಳ ಬಣ್ಣ ಸುಲಿದು, ಮರಕ್ಕೆ ಮುಪ್ಪು ಬಂದಿತ್ತು. ನಾನು ಕಂದು ಅಂದೆ. ಧೂಳು ಕೂತರೂ ಕಾಣದ, ಮರಕ್ಕೆ ಮರ್ಯಾದೆ ಕೊಡುವ ಕಡು ಕಂದು. ಹೆಂಡತಿ ಹಳದಿ ಅಂದಳು.

"ಇದೇನು ಮನೆಯಾ, ಐಸ್‌ಕ್ರೀಮ್ ಅಂಗಡಿಯಾ? ಬೀದೀಲಿ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

"ನೀವು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರೋರು. ಹಗಲೆಲ್ಲ ಈ ಮನೇಲಿ ಇರೋಳು ನಾನು."

"ಮನೆ ಯಜಮಾನ ಯಾರು?"

"ಅದನ್ನ ಬಣ್ಣ ಒಣಗಿದ ಮೇಲೆ ಮಾತಾಡೋಣ ರೀ."

ಚಪ್ಪಲಿ ಮೆಟ್ಟಿಕೊಂಡು ಎದುರುಗಡೆ ಟೈಲರ್ ಅಂಗಡಿಗೆ ಹೋದೆ. ಜಗಳದ ಅರ್ಧ ಭಾಗ ಅವನಿಗೆ ಆಗಲೇ ಕೇಳಿಸಿತ್ತು. ಮಿಷನ್ ತುಳಿಯುತ್ತಲೇ ಹೇಳಿದ: "ಅತ್ತಿಗೆ ಹಳದಿ ಅಂದ್ರೆ ಹಳದಿನೇ ಅಣ್ಣ. ಸುಮ್ನೆ ಗಂಟಲು ಯಾಕೆ ನೋಯಿಸ್ಕೋತೀರ?"

ಬೆಂಚಿನ ಮೇಲೆ ಕೂತಿದ್ದ ಗಿರಾಕಿಗಳು ನಕ್ಕರು. ಆ ನಗು ನೆತ್ತಿಗೇರಿತು.

"ಬೀದಿಗೆ ನನ್ನ ಬಣ್ಣ ಕಾಣ್ದೆ ಹೋದ್ರೆ, ನಿನ್ನ ಅಂಗಡಿ ಬಾಗಿಲಿಗೆ ನನ್ನ ಕೈಯಾರೆ ಬಣ್ಣ ಹೊಡ್ಕೊಡ್ತೀನಿ."

"ಕಂಡ್ರೆ?"

"ನೀನು ನಂಗೊಂದು ಅಂಗಿ ಹೊಲ್ಕೊಡು."

"ಕಂದು ಬಟ್ಟೆದೇ ಹೊಲೀತೀನಿ, ಹೋಗಿ."

ಗಿರಾಕಿಗಳೆಲ್ಲ ಸಾಕ್ಷಿ. ಇನ್ನು ಹಿಂದೆ ಸರಿದರೆ ಈ ಬೀದಿಯಲ್ಲಿ ನನ್ನ ಮಾತನ್ನು ನಾಯಿಯೂ ಕೇಳುವುದಿಲ್ಲ.

ಮರುದಿನ ರೈಲ್ವೆ ಗೇಟು ಬಿದ್ದು ಬಸ್ಸು ನಿಂತಾಗ ಮಹಾ ಉಪಾಯವೊಂದು ಹೊಳೆಯಿತು. ರಾತ್ರಿ ಊಟಕ್ಕೆ ಕೂತು ಸಂಧಾನ ಮುಂದಿಟ್ಟೆ: ಕಿಟಕಿ ಬಾಗಿಲುಗಳ ಹೊರಮೈಯೆಲ್ಲ ನನ್ನದು, ಒಳಮೈಯೆಲ್ಲ ಅವಳದು. ಅವರವರ ಮೈಗೆ ಅವರವರ ಬಣ್ಣ. ಅವಳು ಸೌಟು ಹಿಡಿದೇ ಕಿಟಕಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಆಗ್ಲಿ" ಅಂದಳು.

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು. ಆಗಲೇ ನಾನು ಬ್ರೇಕು ಹಾಕಬೇಕಿತ್ತು.

ಭಾನುವಾರ ನಾನು ಬೀದಿಯಲ್ಲಿ, ಸುಡುವ ಬಿಸಿಲಲ್ಲಿ, ಏಣಿಯ ಮೇಲೆ. ಅವಳು ಒಳಗೆ, ನೆರಳಲ್ಲಿ, ಸ್ಟೂಲಿನ ಮೇಲೆ ಕೂತು, ಕಂಬಿಗಳ ನಡುವೆ ಕೈ ತೂರಿಸಿ ಹಳದಿ ಬಳಿಯುತ್ತಿದ್ದಳು. ಜೈಲಿನಲ್ಲಿರುವವರನ್ನು ಮಾತಾಡಿಸಲು ಏಣಿ ಹಾಕಿಕೊಂಡು ಬಂದವನ ಹಾಗೆ ನಾನು ಕಾಣುತ್ತಿದ್ದಿರಬೇಕು. ಸಂಜೆಗೆ, ಮುಚ್ಚಿದ ಕಿಟಕಿಗಳೆಲ್ಲ ಕಂದು, ಮುಚ್ಚಿದ ಬಾಗಿಲೂ ಕಂದು. ಟೈಲರ್ ಬೀದಿ ದಾಟಿ ಬಂದು, ಕೊರಳಲ್ಲಿದ್ದ ಟೇಪು ತೆಗೆದು ನನ್ನ ಎದೆ ಅಳೆದ. ಉಬ್ಬಿದ ಎದೆಯ ಅಳತೆ ಅದು.

ಸೋಮವಾರ ಮಧ್ಯಾಹ್ನದ ಟ್ರಿಪ್ಪು ನಮ್ಮ ಬೀದಿಯ ತುದಿಯಲ್ಲೇ ಹಾದು ಹೋಗುತ್ತದೆ. ಕಂಡಕ್ಟರಿಗೆ ತೋರಿಸಲೆಂದೇ ಬಸ್ಸು ನಿಧಾನ ಮಾಡಿದೆ. "ನೋಡಪ್ಪ, ನಮ್ಮನೆ. ಬಣ್ಣ ಅಂದ್ರೆ ಹಂಗಿರ್ಬೇಕು."

"ಭಾರಿ ಚೆನ್ನಾಗಿದೆ ಅಣ್ಣ" ಅಂದ ಅವನು. "ಹಳದಿ ಮನೆಗೆ ಕಳೆ ಕೊಡುತ್ತೆ."

ನೋಡಿದೆ. ಕಿಟಕಿಗಳೆಲ್ಲ ಹೊರಕ್ಕೆ ತೆರೆದು, ನನ್ನ ಕಂದಿನ ಮುಖ ಗೋಡೆಗೆ ಒತ್ತಿ, ಅವಳ ಹಳದಿಯನ್ನು ಇಡೀ ಬೀದಿಗೆ ಹರಡಿಕೊಂಡು ನಿಂತಿದ್ದವು. ಬಾಗಿಲು ಇನ್ನೂ ದೊಡ್ಡ ದ್ರೋಹಿ. ಅದು ಒಳಕ್ಕೆ ತೆರೆಯುವ ಜಾತಿಯದು. ನನ್ನ ಕಂದು ಬಣ್ಣವನ್ನು ಹೊತ್ತುಕೊಂಡು ಹೋಗಿ ಹಜಾರದಲ್ಲಿ ನಿಂತಿತ್ತು.

ಆ ದಿನ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಮನೆಗೆ ಬಂದವನೇ ಕೇಳಿದೆ: "ಹಿಂಗಾಗುತ್ತೆ ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

"ಮದುವೆ ಆದಾಗಿಂದ ದಿನಾ ಬೆಳಗ್ಗೆ ಆ ಕಿಟಕಿ ತೆಗೆಯೋಳು, ಸಂಜೆ ಹಾಕೋಳು ನಾನು. ನೀವು ಒಂದಿನ ತೆಗೆದಿದ್ರೆ ನಿಮಗೂ ಗೊತ್ತಿರ್ತಿತ್ತು."

ಟವೆಲ್ ಹೆಗಲಿಗೆ ಹಾಕಿಕೊಂಡು ಸೀದಾ ಬಚ್ಚಲಿಗೆ ನಡೆದೆ.

ಆದರೂ ಸೋಲೊಪ್ಪಲಿಲ್ಲ. ನನ್ನ ರಜೆಯ ದಿನ ಕಿಟಕಿ, ಬಾಗಿಲು ಎಲ್ಲ ಹಾಕಿಸಿ, ಒಳಗೆ ಬೆವರು ಸುರಿಸುತ್ತ ಕೂತೆ. ಬೀದಿಗೆ ಕಂದು ಕಾಣಲಿ. ಹೆಂಡತಿ ಸ್ವಲ್ಪ ಹೊತ್ತು ಸೆರಗಿನಲ್ಲಿ ಗಾಳಿ ಹಾಕಿಕೊಂಡಳು.

"ನೀವು ಕೂತಿರಿ. ನಾನು ಟೈಲರ್ ಅಂಗಡೀಲಿ ಗಾಳಿಗೆ ಕೂತ್ಕೊಂಡು ನಿಮ್ಮ ಬಣ್ಣ ನೋಡ್ತೀನಿ."

ಹೋಗೇಬಿಟ್ಟಳು. ಎದುರುಗಡೆಯಿಂದ ಅವರಿಬ್ಬರ ನಗು ಮುಚ್ಚಿದ ಕಿಟಕಿಯನ್ನೂ ತೂರಿ ಬರುತ್ತಿತ್ತು. ಊಟದ ಹೊತ್ತಿಗೆ, ಯಾರೂ ನೋಡದಂತೆ, ಕಿಟಕಿಗಳನ್ನು ನಾನೇ ತೆಗೆದೆ. ಕೀಲುಗಳು ಸಲೀಸಾಗಿ ತಿರುಗಿದವು.

ನನ್ನ ಕಂದು ಅಂಗಿ ಈಗಲೂ ಟೈಲರ್ ಅಂಗಡಿಯಲ್ಲಿ ತೂಗಾಡುತ್ತಿದೆ. ಕಾಲರ್ ಇದೆ, ಗುಂಡಿ ಇದೆ, ತೋಳಿಲ್ಲ.

"ಮುಚ್ಚಿದಾಗ ಕಾಣೋದೂ ಕಾಣೋದೇ ಕಣಯ್ಯ. ತೋಳು ಹಚ್ಚು" ಅನ್ನುತ್ತೇನೆ ನಾನು.

"ಮೊದಲು ನನ್ನ ಬಾಗಿಲಿಗೆ ಬಣ್ಣ ಹೊಡೀರಿ ಅಣ್ಣ" ಅನ್ನುತ್ತಾನೆ ಅವನು.

ಮೊನ್ನೆ ಮನಸ್ಸು ಕರಗಿ, ಮಂಚದ ಕೆಳಗಿದ್ದ ಕಂದು ಡಬ್ಬ ಹಿಡಿದುಕೊಂಡು ಹೋದೆ. ಅವನು ಡಬ್ಬದೊಳಗೆ ಇಣುಕಿ ಮುಚ್ಚಳ ಹಾಕಿದ.

"ಇದು ಬೇಡ ಅಣ್ಣ. ಅತ್ತಿಗೆ ಹತ್ರ ಹಳದಿ ಉಳಿದಿದೆಯಂತೆ."

ಡಬ್ಬ ವಾಪಸ್ ತಂದೆ. ಅವನ ಬಾಗಿಲು ಇನ್ನೂ ಬೋಳಾಗಿದೆ. ನನ್ನ ಅಂಗಿಗೆ ಇನ್ನೂ ತೋಳಿಲ್ಲ.