ಸ್ವಂತ ಸರ್ವರ್ ಮತ್ತು ಇಡ್ಲಿ ಹಿಟ್ಟು

ಇಂಟರ್ನೆಟ್ಟಿನಲ್ಲಿ ಇನ್ನು ಬಾಡಿಗೆದಾರನಾಗಿ ಬದುಕುವುದಿಲ್ಲ ಎಂದು ೨೦೦೮ರ ದಸರೆಯಲ್ಲಿ ನಾನು ಶಪಥ ಮಾಡಿದೆ. ನಮ್ಮ ಫೋಟೋ, ನಮ್ಮ ಹರಟೆ, ನಮ್ಮ ಪತ್ರಗಳನ್ನು ಯಾವುದೋ ದೇಶದ ದೊಡ್ಡ ಕಂಪನಿಯ ಜಗುಲಿಯಲ್ಲಿ ಯಾಕೆ ಇಡಬೇಕು? ಇದ್ದಬದ್ದ ಖಾತೆಗಳನ್ನೆಲ್ಲ ಅಳಿಸಿದೆ. ಕೃಷ್ಣರಾಜಪುರದ ನಮ್ಮ ಪುಟ್ಟ ಮನೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಹಗಲೂ ರಾತ್ರಿ ಚಾಲೂ ಇಟ್ಟು, ಅದಕ್ಕೆ ಸರ್ವರ್ ಎಂದು ಹೆಸರಿಟ್ಟು, ಅದರೊಳಗೇ ಸ್ವಂತ ವೆಬ್‌ಸೈಟು, ಸ್ವಂತ ಇಮೇಲು ಸ್ಥಾಪಿಸಿದೆ. ಸ್ವಾತಂತ್ರ್ಯ ಬಂದೇಬಿಟ್ಟಿತು!

ಹೆಂಡತಿ ದಿವ್ಯಳಿಗೂ ಅದರಲ್ಲೊಂದು ವಿಳಾಸ ಮಾಡಿಕೊಟ್ಟು, "ಇನ್ಮೇಲೆ ಎಲ್ಲರಿಗೂ ಇದನ್ನೇ ಕೊಡು, ದಿನಾ ನಿಂಗೆ ಮೇಲಲ್ಲಿ ಬುದ್ಧಿವಾದ ಬರೆಯೋ ನಮ್ಮಕ್ಕನಿಗೂ," ಎಂದು ಅಪ್ಪಣೆ ಮಾಡಿದೆ.

"ಕರೆಂಟ್ ಬಿಲ್ ಯಾರು ಕಟ್ಟೋದು? ಆ ಡಬ್ಬ ಮುಟ್ಟಿದ್ರೆ ಒಲೆ ಇದ್ದಂಗಿದೆ," ಎಂದಳು.

ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಡಿಸೆಂಬರಿನ ಚಳಿಗೆ ಅವಳ ಇಡ್ಲಿ ಹಿಟ್ಟು ಉಬ್ಬುತ್ತಲೇ ಇರಲಿಲ್ಲ. ಪಾತ್ರೆಯನ್ನು ಸರ್ವರಿನ ತಲೆಯ ಮೇಲಿಟ್ಟೆ. ಬೆಳಗ್ಗೆ ಇಡ್ಲಿ ಮಲ್ಲಿಗೆಯಾಗಿತ್ತು! ನನ್ನ ವೆಬ್‌ಸೈಟನ್ನು ಒಬ್ಬರೂ ಓದಿರಲಿಲ್ಲ, ನನ್ನ ಸರ್ವರಿನ ಇಡ್ಲಿಯನ್ನು ಮಾತ್ರ ಪಕ್ಕದ ಮನೆಯ ಫಹ್ಮಿದಾ ಕೂಡ ಹೊಗಳಿದರು.

ಆ ಶುಕ್ರವಾರ ಬಂತು. ದಿವ್ಯ ಮಾರತ್ತಹಳ್ಳಿಯ ಶಾಲೆಯೊಂದರಲ್ಲಿ ಇಂಟರ್‌ವ್ಯೂ ಕೊಟ್ಟು ಬಂದಿದ್ದಳು. ಮದುವೆಯಾದ ಮೇಲೆ ಅವಳು ಮನಸಾರೆ ಆಸೆಪಟ್ಟ ಕೆಲಸ ಅದೊಂದೇ.

"ಇವತ್ತು ಮೇಲ್ ಬರುತ್ತೆ ರೀ. ಸಂಜೆಯೊಳಗೆ ಒಪ್ಪಿಗೆ ಕಳಿಸ್ದೆ ಹೋದ್ರೆ ಬೇರೆಯವರಿಗೆ ಕೊಟ್ಬಿಡ್ತಾರಂತೆ."

"ನಮ್ದು ಸ್ವಂತ ಮನೆ ಕಣೆ. ಇಲ್ಲಿಗೆ ಬಂದ ಮೇಲ್ ಎಲ್ಲಿಗೂ ಹೋಗಲ್ಲ," ಎಂದೆ.

ಊಟದ ಹೊತ್ತಿಗೆ ಮೂಲೆಯಲ್ಲಿ ಚಟ್ ಎಂದಿತು. ಹೊಗಳಿಕೆಯ ಅಮಲಿನಲ್ಲಿ ಬೆಳಗ್ಗೆ ನಾನೇ ಪಾತ್ರೆಯನ್ನು ಕಂಠಮಟ್ಟ ತುಂಬಿಸಿ ಇಟ್ಟಿದ್ದೆ. ಹಿಟ್ಟು ಉಕ್ಕಿ, ಮುಚ್ಚಳವನ್ನು ತಳ್ಳಿ, ಸರ್ವರಿನ ಸಂದುಗೊಂದುಗಳಿಗೆಲ್ಲ ಇಳಿದುಬಿಟ್ಟಿತ್ತು. ಪರದೆ ಕಪ್ಪಾಗಿತ್ತು.

ದಿವ್ಯ ಬಂದು ನೋಡಿದಳು. ಪರ್ಸ್ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹೊರಟೇಹೋದಳು. ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅವಳ ತವರು ಗರುಡಾಚಾರ್‌ಪಾಳ್ಯ, ಆಟೋ ಹತ್ತಿದರೆ ಬಂತು. ಹೆಂಡತಿಯ ತವರು ದೂರದ ಊರಿನಲ್ಲಿರಬೇಕು ಎಂದು ಹಿರಿಯರು ಯಾಕೆ ಹೇಳಿಕೊಡಲಿಲ್ಲವೋ!

ಡಬ್ಬ ಬಿಚ್ಚಿದೆ. ಚಮಚದಲ್ಲಿ ಹಿಟ್ಟು ತೋಡಿದೆ. ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಅವಳ ಹೇರ್ ಡ್ರೈಯರ್ ಹಿಡಿದೆ. ಬಿಸಿ ತಾಗಿದ್ದೇ ತಡ, ಉಳಿದ ಹಿಟ್ಟು ಪುಟಾಣಿ ದೋಸೆಗಳಾಗಿ ಕಚ್ಚಿಕೊಂಡಿತು. ಗೆಳೆಯ ಶ್ರೀನಾಥನಿಗೆ ಫೋನ್ ಮಾಡಿದರೆ, "ಮಗಾ, ಚಟ್ನಿ ಬಿದ್ದಿಲ್ಲ ತಾನೆ?" ಎಂದ. ಹೊರಗೆ ಬಿಸಿಲು ಇಳಿಯತೊಡಗಿತು. ಶಾಲೆಗೆಂದು ಅವಳು ಆಗಲೇ ಇಸ್ತ್ರಿ ಮಾಡಿಟ್ಟಿದ್ದ ಸೀರೆ ಕುರ್ಚಿಯ ಮೇಲಿತ್ತು. ನನ್ನ ಸ್ವಾತಂತ್ರ್ಯ ಅವಳ ಕೆಲಸವನ್ನು ನುಂಗಿತಲ್ಲ ಎಂದುಕೊಳ್ಳುತ್ತ ಮತ್ತೆ ಬ್ರಷ್ ಹಿಡಿದೆ.

ದೀಪ ಹಚ್ಚುವ ಹೊತ್ತಿಗೆ ದಿವ್ಯ ಬಂದಳು. ನಾನು ಬ್ರಷ್ ಹಿಡಿದೇ ಎದ್ದು ನಿಂತೆ.

"ತಪ್ಪಾಯ್ತು. ಸೋಮವಾರ ಶಾಲೆಗೆ ಹೋಗಿ ಅವರ ಕಾಲು ಹಿಡೀತೀನಿ."

"ನೀವ್ಯಾಕೆ? ಸೋಮವಾರ ನಾನೇ ಹೋಗ್ತೀನಲ್ಲ, ಕೆಲಸಕ್ಕೆ. ಸ್ಟೇಷನ್ ಹತ್ರ ಬ್ರೌಸಿಂಗ್ ಸೆಂಟರ್‌ಗೆ ಹೋಗಿದ್ದೆ. ಮೇಲ್ ಬಂದಿತ್ತು, ಒಪ್ಪಿಗೆ ಕಳಿಸ್ದೆ. ಹಾಗೇ ತರಕಾರಿ ತಂದೆ."

"ಸರ್ವರ್ ಇಲ್ಲಿ ಸತ್ತು ಬಿದ್ದಿದೆ. ಅಲ್ಲಿ ಮೇಲ್ ಹೇಗೆ ಬಂತು?"

"ನನ್ನ ಹಳೇ ಅಕೌಂಟಿಗೆ. ಅದನ್ನ ನಾನು ಮುಚ್ಚೇ ಇಲ್ಲ."

ನನ್ನ ಸ್ವಾಭಿಮಾನ ಕೊನೆಯ ಸಲ ತಲೆಯೆತ್ತಿತು. "ಹಾಗಾದ್ರೆ ನಾನು ಮಾಡಿಕೊಟ್ಟ ವಿಳಾಸ ಯಾರಿಗೂ ಕೊಟ್ಟೇ ಇಲ್ವಾ?"

"ಕೊಟ್ಟಿದ್ದೀನಲ್ಲ," ಎಂದಳು ದಿವ್ಯ, ತರಕಾರಿ ಚೀಲ ಕೆಳಗಿಡುತ್ತ. "ನಿಮ್ಮ ಅಕ್ಕನಿಗೆ."