ನಮ್ಮ ದೊಡ್ಡಪ್ಪ ಕೊರೆದ ಕಿಟಕಿಗಳು

ನಮ್ಮ ದೊಡ್ಡಪ್ಪ ನೆಂಟರ ಮನೆಗೆ ಹೊರಟರು ಎಂದರೆ ಹೊಳೆನರಸೀಪುರದಿಂದ ಹಾಸನದವರೆಗೆ ಗೋಡೆಗಳು ನಡುಗುತ್ತವೆ. ಉತ್ಪ್ರೇಕ್ಷೆ ಎಂದುಕೊಂಡಿರಾ? ನಮ್ಮ ಬಳಗದ ಯಾವ ಮನೆಗಾದರೂ ಹೋಗಿ ನೋಡಿ. ಅಡುಗೆಮನೆಯಲ್ಲಿ ಹೊಸದೊಂದು ಕಿಟಕಿ ಇದ್ದು, ಅದರ ಸುತ್ತಲಿನ ಗಾರೆ ಇನ್ನೂ ಸುಣ್ಣ ಕಾಣದೆ ಬೋಳಾಗಿದ್ದರೆ ಆ ಮನೆಗೆ ದೊಡ್ಡಪ್ಪ ಬಂದು ಹೋಗಿದ್ದಾರೆ ಎಂದೇ ಅರ್ಥ. ಬೇರೆ ನೆಂಟರು ಬಾಳೆಹಣ್ಣು ತರುತ್ತಾರೆ, ಚಕ್ಕುಲಿ ತರುತ್ತಾರೆ. ನಮ್ಮ ದೊಡ್ಡಪ್ಪ ಹಾರೆ ತರುತ್ತಾರೆ!

ಅವರು ಮೂವತ್ತು ವರ್ಷ ರಸ್ತೆ ಓವರ್‌ಸಿಯರ್ ಆಗಿದ್ದು ರಿಟೈರಾದವರು. ಅಷ್ಟು ವರ್ಷವೂ ಬಾಡಿಗೆ ಮನೆ, ಇಲ್ಲವೇ ರಸ್ತೆ ಪಕ್ಕದ ಡೇರೆ. ಕೊನೆಗೆ ಹೊಳೆನರಸೀಪುರದಲ್ಲಿ ನಾಡಹೆಂಚಿನ ಹಳೆಯ ಮನೆಯೊಂದನ್ನು ಕೊಂಡರು. ನಾನು ಇದೇ ಊರಿನ ಮಿಡ್ಲ್ ಸ್ಕೂಲಿಗೆ ಮೇಷ್ಟರಾಗಿ ಬಂದಾಗಿನಿಂದ ಆ ಮನೆಯಲ್ಲೇ ಠಿಕಾಣಿ ಹೂಡಿದ್ದೇನೆ. ಪಾಠ ಮಾಡುವುದಕ್ಕಿಂತ ಹೆಡ್‌ಮಾಸ್ತರ ಹಾಗೆ ಕೆಮ್ಮುವುದರಲ್ಲಿ ನನಗೆ ಹೆಚ್ಚು ಹೆಸರು. ಯಾರನ್ನು ನೋಡಿದರೂ ಅವರ ಹಾಗೆ ನಡೆದು, ಅವರ ಹಾಗೆ ಮಾತಾಡಿ ತೋರಿಸದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಈ ಕಾರಣಕ್ಕೆ ಮೂರು ಕಡೆ ಹೆಣ್ಣು ನೋಡಿದ್ದು ಮುರಿದು ಬಿದ್ದಿದೆ. ಮೂರು ಕಡೆಯೂ ನಾನು ಭಾವೀ ಮಾವನವರ ಹಾಗೆ ಮಾತಾಡಿ ತೋರಿಸಿದ್ದೆ!

ಮನೆಯೇನೋ ಚೆನ್ನಾಗಿದೆ. ಅಡುಗೆಮನೆ ಮಾತ್ರ ಹಗಲು ಹನ್ನೆರಡಕ್ಕೂ ಬುಡ್ಡಿದೀಪ ಕೇಳುತ್ತಿತ್ತು. ಕಿಟಕಿ ಇಲ್ಲ, ಬೆಳಕಿಂಡಿಯೂ ಇಲ್ಲ. ಹೊಗೆಗೆ ಹೊರಹೋಗಲು ಬಾಗಿಲೊಂದೇ ದಾರಿ. ಅದೂ ನಾವು ಊಟಕ್ಕೆ ಒಳಗೆ ಬರುವ ಹೊತ್ತು ನೋಡಿಕೊಂಡೇ ಹೊರಡುತ್ತಿತ್ತು. ದೊಡ್ಡಮ್ಮ ಡಬ್ಬಗಳನ್ನು ಮೂಸಿ ಮೂಸಿ ಗುರುತು ಹಿಡಿಯುತ್ತಿದ್ದರು. ಒಮ್ಮೆ ಅವರಿಗೆ ನೆಗಡಿಯಾಗಿ ಪಾಯಸಕ್ಕೆ ಏಲಕ್ಕಿಪುಡಿಯ ಬದಲು ಧನಿಯಪುಡಿ ಬಿತ್ತು. ನಾನು ಎರಡು ಲೋಟ ಕುಡಿದು, "ಇಂಥ ಸಾರು ಉಂಡೇ ಇರಲಿಲ್ಲ ದೊಡ್ಡಮ್ಮ" ಎಂದೆ. ಸೌಟು ಹಾರಿ ಬಂತು. ಕತ್ತಲಲ್ಲಿ ಗುರಿ ತಪ್ಪಿತು.

ಬರೀ ನಗುವ ಮಾತಾಗಿದ್ದರೆ ಪರವಾಗಿರಲಿಲ್ಲ. ದೊಡ್ಡಮ್ಮನ ಕಣ್ಣು ಸದಾ ಕೆಂಪಗೆ, ಸದಾ ನೀರು. ಹಾಸನದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದಾಗ ಅವರು ಔಷಧಿ ಚೀಟಿ ಬರೆಯುವ ಮೊದಲೇ, "ಅಡುಗೆಮನೆಗೆ ಕಿಟಕಿ ಇದೆಯೇನಮ್ಮಾ?" ಎಂದು ಕೇಳಿದರಂತೆ. ಹೀಗೇ ಹೊಗೆಯಲ್ಲಿ ಕೂತರೆ ಉಳಿದಿರುವ ದೃಷ್ಟಿಯೂ ಮಂಜಾಗುತ್ತದೆ ಎಂದರಂತೆ. ದೊಡ್ಡಪ್ಪ ಅಲ್ಲಿಯೇ, ಡಾಕ್ಟರ ಎದುರಿಗೇ ಮಾತು ಕೊಟ್ಟರು: "ಎಂಟು ದಿನ. ಎಂಟೇ ದಿನಕ್ಕೆ ಕಿಟಕಿ!"

ಅದಾಗಿ ಎರಡು ವರ್ಷ ಕಳೆಯಿತು.

ಎರಡು ವರ್ಷ ದೊಡ್ಡಪ್ಪ ಸುಮ್ಮನೆ ಕೂತಿದ್ದರೇ? ರಾಮ ರಾಮ! ಜಗುಲಿಯನ್ನು ಒಂದು ಸಲ ಎತ್ತರಿಸಿದರು, ಎತ್ತರ ಜಾಸ್ತಿಯಾಯಿತೆಂದು ಇನ್ನೊಂದು ಸಲ ತಗ್ಗಿಸಿದರು. ಹಿತ್ತಲ ಬಾಗಿಲಿನಿಂದ ಬಾವಿಯವರೆಗೆ ಜಲ್ಲಿ ಹಾಸಿ, ಕಲ್ಲಿನ ಗುಂಡು ಉರುಳಿಸಿ, ನೀರು ಎರಡೂ ಕಡೆ ಇಳಿಯುವ ಹಾಗೆ ನಡುವೆ ಉಬ್ಬು ಬಿಟ್ಟು ಪಕ್ಕಾ ಸರ್ಕಾರಿ ರಸ್ತೆಯನ್ನೇ ಹಾಕಿದರು. ಬಚ್ಚಲ ನೀರಿಗೆಂದು ಅದರ ಕೆಳಗೆ ಒಂದು ಮೋರಿ. ಪಕ್ಕದಲ್ಲಿ ಒಂದು ಮೈಲಿಗಲ್ಲು ನೆಟ್ಟು 'ಬಾವಿ ೪೦ ಅಡಿ' ಎಂದು ಬರೆಸಿದರು.

"ಬಾವಿಗೆ ದಾರಿ ನಂಗೆ ಗೊತ್ತು ಕಣ್ರೀ," ಎಂದರು ದೊಡ್ಡಮ್ಮ. "ಉಪ್ಪಿನ ಡಬ್ಬ ಎಲ್ಲದೆ ಅಂತ ಗೊತ್ತಾಗ್ತಿಲ್ಲ. ಅಲ್ಲಿಗೊಂದು ಕಲ್ಲು ನೆಡಿ."

ಹೀಗೆ ಚುಚ್ಚಿದಾಗಲೆಲ್ಲ ದೊಡ್ಡಪ್ಪ ಅಡುಗೆಮನೆಯ ಹಿತ್ತಲ ಕಡೆಯ ಗೋಡೆಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, ರೋಗಿಯ ಎದೆಬಡಿತ ಕೇಳುವವರ ಹಾಗೆ ಗೋಡೆಗೆ ಕಿವಿಯಿಟ್ಟು, "ಹೂಂ" ಎನ್ನುತ್ತಿದ್ದರು. ಆ 'ಹೂಂ' ನನ್ನ ಅತ್ಯುತ್ತಮ ಅನುಕರಣೆಗಳಲ್ಲಿ ಒಂದು. ಮಾರನೆಯ ಬೆಳಗ್ಗೆ ನೋಡಿದರೆ ಗಂಡ ಹೆಂಡತಿ ಇಬ್ಬರೂ ಪ್ರಯಾಣಕ್ಕೆ ಸಿದ್ಧ! ದೊಡ್ಡಮ್ಮನ ಚೀಲದಲ್ಲಿ ಬಟ್ಟೆ, ಕಣ್ಣಿನ ಔಷಧಿ. ದೊಡ್ಡಪ್ಪನ ಚೀಲದಲ್ಲಿ ಟೇಪು, ಮಟ್ಟ ನೋಡುವ ರಸಮಟ್ಟ, ಗೋಡೆಯ ನೇರ ನೋಡಲು ದಾರ ಕಟ್ಟಿದ ತೂಗುಗುಂಡು; ಹೆಗಲ ಮೇಲೆ ಹಾರೆ.

ಮೊದಲ ಕಿಟಕಿ ಹಾಸನದಲ್ಲಿ, ದೊಡ್ಡ ಮಗಳ ಮನೆಯಲ್ಲಿ. ಅಳಿಯ ವಕೀಲರು. ಅವರು ಕೋರ್ಟಿಗೆ ಹೋದದ್ದೇ ತಡ, ಮಾವನವರು ಹಾರೆ ಎತ್ತಿದರು. ಮಧ್ಯಾಹ್ನದ ಹೊತ್ತಿಗೆ ಕಿಂಡಿ ಬಿತ್ತು, ಬೆಳಕು ಮಾತ್ರ ಬರಲಿಲ್ಲ. ಯಾಕೆಂದು ಬಗ್ಗಿ ನೋಡಿದರೆ ಆ ಕಡೆ ಪಕ್ಕದ ಮನೆಯಾಕೆ ಒರಳಿನಲ್ಲಿ ಚಟ್ನಿ ರುಬ್ಬುತ್ತ ಕೂತಿದ್ದಾರೆ! ಗೋಡೆ ಎರಡು ಮನೆಗೂ ಸೇರಿದ್ದು. ದೊಡ್ಡಪ್ಪ ಎದೆಗುಂದದೆ, "ನಮಸ್ಕಾರ ಕಣವ್ವಾ, ಗಾಳಿ ಹೆಂಗ್ ಬತ್ತಾ ಅದೆ ಆ ಕಡೀಕೆ?" ಎಂದು ಕೇಳಿದರಂತೆ. ಈಗ ಅಳಿಯಂದಿರು ಹೆಂಡತಿಗೆ ಏನು ಪಿಸುಗುಟ್ಟಿದರೂ ಪಕ್ಕದ ಮನೆಯಿಂದ ಉತ್ತರ ಬರುತ್ತದೆ. ಕೋರ್ಟಿನಲ್ಲಿ ಒಬ್ಬ ಎದುರು ವಕೀಲ, ಮನೆಯಲ್ಲಿ ಇಬ್ಬರು.

ಹಿಂದಿರುಗುವಾಗ ಇಬ್ಬರೂ ದಾರಿಯಲ್ಲಿ ಮೊಸಳೆ ಎಂಬ ಊರಿನಲ್ಲಿ ಇಳಿದು ಜೋಡಿ ದೇವಸ್ಥಾನ ನೋಡಿದರು. ಒಂದೇ ಅಚ್ಚಿನ ಎರಡು ಗುಡಿ ಅಕ್ಕಪಕ್ಕದಲ್ಲಿ ಯಾಕೆ ಎಂದು ದೊಡ್ಡಮ್ಮ ಕೇಳಿದರೆ, ದೊಡ್ಡಪ್ಪ ಬಹಳ ಹೊತ್ತು ಯೋಚಿಸಿ, "ಒಂದು ಅಭ್ಯಾಸಕ್ಕೆ ಕಟ್ಟಿರ್ಬೇಕು" ಎಂದರಂತೆ.

ಎರಡನೆಯದು ಅರಕಲಗೂಡಿನ ಕಡೆ, ಕಿರಿಯ ಮಗಳ ಮನೆಯಲ್ಲಿ. ಅಳಿಯ ಹೊಗೆಸೊಪ್ಪಿನ ಬೆಳೆಗಾರ. ಸೊಪ್ಪಿನ ಬೇಲು ಕಟ್ಟಿಕೊಂಡು ರಾಮನಾಥಪುರದ ಹರಾಜಿಗೆ ಹೋಗಿದ್ದರು. ಈ ಸಲ ದೊಡ್ಡಪ್ಪ ಹುಷಾರು. ಗೋಡೆಯ ಆಚೆ ಯಾರೂ ಚಟ್ನಿ ರುಬ್ಬುತ್ತಿಲ್ಲ ಎಂದು ಮೊದಲೇ ನೋಡಿಕೊಂಡರು. ಒಳಗಿನಿಂದ ಅಳೆದು, ನೆಲದಿಂದ ಮೂರೂವರೆ ಅಡಿ ಎತ್ತರಕ್ಕೆ ಕಿಟಕಿ ತೆರೆದರು. ಬೆಳಕು ಬಂತು, ಗಾಳಿ ಬಂತು. ಮಗಳು ಹಿಗ್ಗಿ, ಮುದ್ದೆ ಕಟ್ಟಿ, ತಟ್ಟೆಯನ್ನು ಹೊಸ ಕಿಟಕಿಯ ಅಂಚಿನಲ್ಲಿಟ್ಟು ಅಪ್ಪನನ್ನು ಊಟಕ್ಕೆ ಕರೆಯಲು ಹೋದಳು. ಬಂದು ನೋಡಿದರೆ ಕಿಟಕಿಯಲ್ಲಿ ಎಮ್ಮೆಯ ತಲೆ, ತಟ್ಟೆಯಲ್ಲಿ ಏನೂ ಇಲ್ಲ! ಹೊರಗಿನ ನೆಲ ಒಳಗಿನ ನೆಲಕ್ಕಿಂತ ಎರಡು ಅಡಿ ಎತ್ತರವಿದ್ದುದನ್ನು ನಮ್ಮ ಓವರ್‌ಸಿಯರು ಅಳೆದಿರಲಿಲ್ಲ. ಕಂಬಿ ಹಾಕುವುದನ್ನು ನಾಳೆಗೆ ಇಟ್ಟುಕೊಂಡಿದ್ದರು.

ಸಂಜೆ ಬಂದ ಅಳಿಯ ಎಲ್ಲವನ್ನೂ ನೋಡಿ, ಬಹಳ ಮರ್ಯಾದೆಯಿಂದ, "ಕಿಟ್ಕಿ ಸೊಗಸಾಗದೆ ಮಾವ. ಎಮ್ಮೆಗಂತೂ ಭಾಳ ಇಡುಸ್ಬುಟ್ಟದೆ" ಎಂದರು.

"ನಾನು ಮಾಡಿದ್ದು ಗಾಳಿ ಬೆಳಕಿಗೆ ಕಣಪ್ಪಾ," ಎಂದರು ದೊಡ್ಡಪ್ಪ. "ಎಮ್ಮೆ ಬಂದ್ರೆ ಅದು ಎಮ್ಮೆ ತಪ್ಪು!"

ಮೂರನೆಯ ಕಿಟಕಿಗೆ ನಾನೇ ಸಾಕ್ಷಿ. ಚನ್ನರಾಯಪಟ್ಟಣದಲ್ಲಿರುವ ನಮ್ಮ ಅತ್ತೆ ದೊಡ್ಡಪ್ಪನ ತಂಗಿ. ದಸರಾ ರಜೆಯಲ್ಲಿ ಅಲ್ಲಿಗೆ ಹೋಗಿ, ಜಿನನಾಥಪುರದ ಬಸದಿಯನ್ನೂ ನೋಡಿ ಬರುವುದು ಎಂದಾಗಿತ್ತು. ಬಸದಿ ಉಳಿಯಿತು, ಅತ್ತೆಯ ಗೋಡೆ ಉಳಿಯಲಿಲ್ಲ. ಕಿಂಡಿ ಅರ್ಧ ಆಗಿತ್ತು. ದೊಡ್ಡಮ್ಮ ಅದರ ಕೆಳಗೇ ಮಣೆ ಹಾಕಿಕೊಂಡು ಕೂತು ಅವರೆಕಾಯಿ ಬಿಡಿಸುತ್ತಿದ್ದವರು ಹಿತ್ತಿಲಿಗೆಂದು ಎದ್ದು ಹೋದರು. ಅವರು ಬಾಗಿಲು ದಾಟಿರಬೇಕು ಅಷ್ಟೇ, ಮೇಲಿನ ಮಣ್ಣು ದೊಪ್ಪನೆ ಕುಸಿದು ಮಣೆ, ಮೊರ, ಮೂಲೆಯಲ್ಲಿದ್ದ ಉಪ್ಪಿನಕಾಯಿ ಜಾಡಿಗಳು ಎಲ್ಲವೂ ಮಣ್ಣಾದವು.

"ಒಂದ್ ವರ್ಷದ ಉಪ್ಪಿನ್‌ಕಾಯಿ ಕಣಣ್ಣಾ!" ಎಂದು ಅತ್ತೆ ತಲೆ ತಲೆ ಚಚ್ಚಿಕೊಂಡರು. "ಮಾವಿನ್‌ಕಾಯೂ ಓಯ್ತು, ನಿಂಬೆಕಾಯೂ ಓಯ್ತು! ಮುಂದಿನ್ ಸಲ ಬರೀ ಕೈಲಿ ಬಾ, ನಿನ್ ದಮ್ಮಯ್ಯ!"

ನಾನು ನಗಲು ಬಾಯಿ ತೆರೆದವನು ದೊಡ್ಡಪ್ಪನ ಮುಖ ನೋಡಿ ಮುಚ್ಚಿಕೊಂಡೆ. ಅವರು ಉಪ್ಪಿನಕಾಯಿಯ ಕಡೆ ನೋಡುತ್ತಲೇ ಇರಲಿಲ್ಲ. ಮಣ್ಣಿನಡಿ ಒಂದು ತುದಿ ಮಾತ್ರ ಕಾಣುತ್ತಿದ್ದ ಮಣೆಯನ್ನು ನೋಡುತ್ತಿದ್ದರು. ಯಾವ ರಸ್ತೆಯ ಗುಂಡಿಯನ್ನೂ ಬಯ್ಯದೆ ಅವರು ಬಸ್ಸಿನಲ್ಲಿ ಊರಿಗೆ ಹಿಂದಿರುಗಿದ್ದು ಅದೊಂದೇ ಸಲ.

ಮನೆಗೆ ಬಂದ ದೊಡ್ಡಮ್ಮ ಮುಷ್ಕರ ಹೂಡಿದರು. "ಇನ್ ಮ್ಯಾಕೆ ನಾನು ಯಾವೂರ್ಗೂ ಬರಾಕಿಲ್ಲ. ಲೋಕಕ್ಕೆಲ್ಲ ಕಿಟ್ಕಿ ಕೊರುದ್ರಿ, ನನ್ ಕಣ್ಣು ಮಾತ್ರ ಯಾರಿಗೂ ಬ್ಯಾಡ. ಇಲ್ಲಿ ಕಿಟ್ಕಿ ಆಗೋಗಂಟ ನಾನು ಈ ಒಲೆ ಮುಂದ್ಲಿಂದ ಕದಲಾಕಿಲ್ಲ."

ದೊಡ್ಡಪ್ಪ ರೋಷದಿಂದ ಕೋಟು ಹಾಕಿಕೊಂಡು ಹಾಸನಕ್ಕೆ ಒಬ್ಬರೇ ಹೊರಟರು. ಮುಕ್ಕಾಲು ಗಂಟೆಯೊಳಗೆ ವಾಪಸು ಬಂದು, "ಬಸ್ಸು ರಶ್ಶು" ಎಂದರು. ಸ್ಕೂಲಿನಿಂದ ಬರುವ ದಾರಿಯಲ್ಲಿ ಆ ಬಸ್ಸನ್ನು ನಾನು ನೋಡಿದ್ದೆ. ಡ್ರೈವರು, ಕಂಡಕ್ಟರು, ಒಂದು ಕೋಳಿಪಂಜರ!

ಅವತ್ತು ಸಂಜೆ ಎತ್ತರಿಸಿ ತಗ್ಗಿಸಿದ ಆ ಜಗುಲಿಯ ಮೇಲೆ ಕೂತು ನಾನು ಕೇಳಿಯೇಬಿಟ್ಟೆ: "ಅಲ್ಲಾ ದೊಡ್ಡಪ್ಪ, ಊರೂರಿನ ಗೋಡೆ ಒಡೀತೀರಿ. ಈ ಒಂದು ಗೋಡೆ ನಿಮಗೇನು ಮಾಡಿದೆ?"

ಅವರು ಒಳಗೆ ಕೇಳಿಸೀತೇ ಎಂದು ನೋಡಿ, ದನಿ ತಗ್ಗಿಸಿದರು. "ನಾನು ಮೂವತ್ತು ವರ್ಸ ಏನು ಮಾಡ್ದೆ ಏಳ್ಲಾ?"

"ರಸ್ತೆ."

"ರಸ್ತೆ ಬೀಳಾಕಿಲ್ಲ ಕಣ್ಲಾ. ಅದು ಆಗ್ಲೇ ನೆಲದ್ ಮ್ಯಾಲೆ ಮಲ್ಗಿರ್ತದೆ. ನನ್ ಸರ್ವೀಸ್ನಾಗೆ ಜನ ಕೆಳಗೆ ಕೂರೋ ಅಂತದ್ದು ಒಂದೂ ಕಟ್ನಿಲ್ಲ. ಇದು ಅಳೇ ಮಣ್ಣಿನ್ ಗೋಡೆ. ತಟ್ಟುದ್ರೆ ಪೊಳ್ಳು ಸದ್ದು ಬತ್ತದೆ. ಅದ್ಕೇ ಅಲ್ಲಲ್ಲಿ ವಸಿ ಕೈ ಪಳಗಿಸ್ಕತಾ ಇದ್ದೆ."

ನಾನು ಬೆಚ್ಚಿಬಿದ್ದೆ. "ಅಂದ್ರೆ ನೆಂಟರ ಮನೆಗಳೆಲ್ಲ ನಿಮಗೆ ಅಭ್ಯಾಸಕ್ಕೆ! ಅವರ ಮೇಲೆ ಬಿದ್ದರೆ?"

"ಎಲ್ಲಾರ್ನೂ ಆಚೆ ಕಳ್ಸೇ ಒಡೀತಿದ್ದಿದ್ದು ಕಣೋ. ಇವ್ಳು ಮಾತು ಕೇಳಾಕಿಲ್ಲ. ಚನ್ರಾಯಪಟ್ನದಾಗೆ ನೋಡ್ದಲ್ಲ, ಅಲ್ಲೇ ಬಂದು ಕೂತಿದ್ಲು. ಇಲ್ಲಂತೂ ದಿನಾ ಬೆಳುಗ್ಗಿಂದ ಬೈಗಿನಗಂಟ ಅದೇ ಗೋಡೆ ಬುಡ್ದಲ್ಲಿ ಇರ್ತಾಳೆ. ನಾಳೆ ನಾ ಕೊರುದ್ ಕಿಟ್ಕಿನೇ ಇವ್ಳ ಮ್ಯಾಲೆ..." ತೂಗುಗುಂಡಿನ ದಾರವನ್ನು ಬೆರಳಿಗೆ ಸುತ್ತುತ್ತ ಕೂತರು.

ನಾನು ಎಂಥ ಕಪಿಯೆಂದರೆ, ಮಾರನೆಯ ಬೆಳಗ್ಗೆ ದೊಡ್ಡಮ್ಮನ ಮುಂದೆ ಇದೆಲ್ಲವನ್ನೂ ಅಭಿನಯಿಸಿಬಿಟ್ಟೆ. ದೊಡ್ಡಪ್ಪನ ಹಾಗೆಯೇ ಗಲ್ಲ ಕೆರೆದುಕೊಂಡೆ, ದಾರ ಸುತ್ತಿದೆ, "ರಸ್ತೆ ಬೀಳಾಕಿಲ್ಲ ಕಣ್ಲಾ" ಎಂದೆ. ಹೊಟ್ಟೆ ಹಿಡಿದುಕೊಂಡು ನಗುತ್ತಾರೆ ಎಂದು ಕಾದೆ. ಅವರು ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ನಿಲ್ಲಿಸಿದರು.

"ಇನ್ನೊಂದ್ ಕಿತ ಏಳು."

ಹೇಳಿದೆ.

"ಆ ಕೊನೇ ಮಾತು ಏಳು."

ಮೂರು ಸಲ ಮಾಡಿಸಿದರು. ಒಂದು ಸಲವೂ ನಗಲಿಲ್ಲ. ಆಮೇಲೆ ಮೊರ ಪಕ್ಕಕ್ಕಿಟ್ಟು, "ಓಗು, ಗಾರೆ ಮೇಸ್ತ್ರಿನ ಕರ್ಕಂಡ್ ಬಾ. ಇವತ್ತೇ" ಎಂದರು.

ಮೇಸ್ತ್ರಿ ಬಂದ. ಮೊದಲು ಮೇಲ್ಗಡೆ ಗೋಡೆ ಸೀಳಿ, ಮೇಲಿನ ಮಣ್ಣು ಕುಸಿಯದ ಹಾಗೆ ಕಲ್ಲಿನ ಚಪ್ಪಡಿ ಕೂರಿಸಿ, ಆಮೇಲೆ ಅದರ ಕೆಳಗಿನ ಮಣ್ಣು ಬಿಡಿಸಬೇಕು ಎಂದ. ಹಿತ್ತಲ ಕಡೆಯಿಂದ ಕೆಲಸ ಶುರುವಾಯಿತು. ಚಪ್ಪಡಿ ಸೇರಿತು. ಇನ್ನು ಒಡೆಯಬೇಕು ಎನ್ನುವಾಗ ಒಳಗೆ ಪಾತ್ರೆಯ ಸದ್ದು! ದೊಡ್ಡಮ್ಮ ಒಲೆ ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು.

"ಏಯ್, ಆಚೆ ಬಾರಮ್ಮೀ!" ಎಂದು ದೊಡ್ಡಪ್ಪ ಗೋಡೆಗೆ ಬಾಯಿಟ್ಟು ಕೂಗಿದರು.

"ಬರಾಕಿಲ್ಲ."

"ಬಿದ್ದಾತು ಕಣೇ!"

"ನಾನು ಕೂತಿರೋ ಗೋಡೆನ ನೀವು ಬೀಳ್ಸಾಕಿಲ್ಲ. ಒಡೀರಿ."

ಆಮೇಲೆ ದೊಡ್ಡಪ್ಪ ಕೋಟು ಕಳಚಿ ನನ್ನ ಕೈಗೆ ಕೊಟ್ಟು, ಎರಡೂ ತೋಳೆತ್ತಿ ಚಪ್ಪಡಿಯ ಅಡಿಗೆ ಅಂಗೈ ಕೊಟ್ಟು ನಿಂತರು. ಮೇಸ್ತ್ರಿ ಅವರ ಪಕ್ಕದಲ್ಲಿ ಬಗ್ಗಿ ಒಂದೊಂದೇ ಹೆಂಟೆ ಬಿಡಿಸುತ್ತ ಹೋದ. ಮೊದಲು ಹೊರಬಂದದ್ದು ಹೊಗೆ. ದೊಡ್ಡಪ್ಪನ ಮುಖಕ್ಕೇ ಬಂತು. ಅವರು ಕೆಮ್ಮಿದರು, ಕೈ ಬಿಡಲಿಲ್ಲ. ಕಿಂಡಿ ದೊಡ್ಡದಾಯಿತು, ಚೌಕವಾಯಿತು, ಕಿಟಕಿಯಾಯಿತು.

"ಕೈ ಬುಡಿ ಸಾ, ಕಲ್ಲು ಕೂತ್ಕಂಡದೆ" ಎಂದ ಮೇಸ್ತ್ರಿ.

"ಅವ್ಳು ಈಚಿಕ್ ಬರ್ಲಿ, ಬುಡ್ತೀನಿ."

"ಆನೆ ಒದುದ್ರೂ ಅಳ್ಳಾಡಾಕಿಲ್ಲ ಸಾ!"

"ಆನೆ ಇಚಾರ ನಂಗ್ ಗೊತ್ತಿಲ್ಲ ಕಣಯ್ಯಾ. ಅವ್ಳು ಬರ್ಲಿ."

ದೊಡ್ಡಮ್ಮ ಹೊರಗೆ ಬರಲಿಲ್ಲ. ಬಿಸಿಲು ಅವರ ಕೈಬಳೆಯ ಮೇಲೆ, ಒಲೆಯ ಮೇಲೆ, ಡಬ್ಬಗಳ ಸಾಲಿನ ಮೇಲೆ ಬಿದ್ದಿತ್ತು. ಅವರು ಒಂದು ಡಬ್ಬವನ್ನು ನೋಡಿ ತೆಗೆದುಕೊಂಡರು, ಮೂಸಲಿಲ್ಲ. ಕಾಫಿ ಬೆರೆಸಿ, ಲೋಟ ಹಿಡಿದು ಕಿಟಕಿಗೆ ಬಂದರು. ದೊಡ್ಡಪ್ಪ ಲೋಟ ನೋಡಿದರು, ಮೇಲಿದ್ದ ತಮ್ಮ ಎರಡು ಕೈಗಳನ್ನು ನೋಡಿದರು. ದೊಡ್ಡಮ್ಮ ಕಾಫಿಯನ್ನು ಎರಡು ಸಲ ಊದಿ, ಕಿಟಕಿಯಿಂದ ಕೈ ಚಾಚಿ, ಲೋಟವನ್ನು ಅವರ ತುಟಿಗೆ ಹಿಡಿದರು.

ಮೇಸ್ತ್ರಿ ಆಗಲೇ ಕಲಸಿಟ್ಟಿದ್ದ ಗಾರೆಯನ್ನು ಮತ್ತೆ ಕಲಸತೊಡಗಿದ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಗುಟುಕು ಗುಟುಕಾಗಿ ಕುಡಿದರು. ಲೋಟ ಬರಿದಾದ ಮೇಲೂ ಅವರು ಕೈ ಇಳಿಸಲಿಲ್ಲ. ದೊಡ್ಡಮ್ಮನೂ ಕಿಟಕಿ ಬಿಟ್ಟು ಕದಲಲಿಲ್ಲ.